ಥಂಡಿಯಲ್ಲಿ ಗಾಡಿ ನಿಲ್ಲಿಸಿ ಕಾಸಬೇಕೋ, ಓಡಿಸುತ್ತಾ ಕಾಸಬೇಕೋ?

ಬೆಳಿಗ್ಗೆ ಆರೂವರೆ. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಓಣಿಗೆ ಹಾಲಿನವರು ಬಂದು ಹೋಗಿರುತ್ತಾರೆ, ಕಾರುಗಳ ಗಾಜಿನ ಮೇಲೆ ಇಬ್ಬನಿ ಕೂತಿರುತ್ತದೆ, ಎದುರು ಮನೆಯ ಕಾಕಾ ಅವರ ಕಾರು ಗೇಟಿನ ಒಳಗೆ ಚಾಲೂ ಆಗಿ ನಿಂತಿರುತ್ತದೆ. ಅವರು ಒಳಗೆ ಚಹಾ ಕುಡಿಯುತ್ತಿರುತ್ತಾರೆ. ಹತ್ತು ನಿಮಿಷ, ಕೆಲವೊಮ್ಮೆ ಹದಿನೈದು. ಡಿಸೆಂಬರ್ ಶುರುವಾಯಿತೆಂದರೆ ಸಂಕ್ರಾಂತಿ ಮುಗಿಯುವವರೆಗೆ ದಿನಾ ಹೀಗೇ. ಕೇಳಿದರೆ ಒಂದೇ ಮಾತು: "ಥಂಡ್ಯಾಗ ಗಾಡಿ ಕಾಸಬೇಕೋ ತಮ್ಮಾ. ಇಲ್ಲಾಂದ್ರ ಇಂಜಿನ್ ಹಾಳಾಗ್ತದ."

ಕಾಕಾ ಹೇಳುವುದು ಸುಳ್ಳಲ್ಲ. ಅವರು ಕಾರು ಕಲಿತ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಆದರೆ ಈಗ ಅವರ ಮನೆಯಲ್ಲಿರುವ ಕಾರು ಬೇರೆ. ಅದಕ್ಕೆ ಇಷ್ಟು ಹೊತ್ತು ಕಾಸುವುದು ಬೇಕಿಲ್ಲ, ಹಾಗೆ ಮಾಡಿದರೆ ತೊಂದರೆಯೇ ಜಾಸ್ತಿ. ನಾನೂ ಒಂದು ಚಳಿಗಾಲ ಪೂರ್ತಿ ಇದನ್ನೇ ಮಾಡಿ ತೊಂದರೆ ಅನುಭವಿಸಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೇ ಈ ವಿಷಯ ಸ್ವಲ್ಪ ಬಿಡಿಸಿ ಬರೆಯೋಣ ಅನಿಸಿತು.

ನಮ್ಮ ಸುತ್ತ ನಾನು ನೋಡಿರುವುದು ನಾಲ್ಕು ಪದ್ಧತಿ. ಒಂದು, ಕಾಕಾ ಮಾಡುವಂತೆ ನಿಂತಲ್ಲೇ ಹತ್ತು ನಿಮಿಷ ಚಾಲೂ ಇಡುವುದು. ಎರಡು, ಚಾಲೂ ಮಾಡಿ ಜೋರಾಗಿ ರೇಸ್ ಕೊಟ್ಟು ಬೇಗ ಬಿಸಿ ಮಾಡುವುದು. ಮೂರು, ಸೆಲ್ಫ್ ಹೊಡೆದ ಕ್ಷಣವೇ ಗೇರ್ ಹಾಕಿ ಹೊರಟುಬಿಡುವುದು. ನಾಲ್ಕು, ಅರ್ಧ ನಿಮಿಷ ತಡೆದು, ಮೊದಲ ಐದಾರು ಕಿಲೋಮೀಟರ್ ಮೆಲ್ಲಗೆ ಓಡಿಸುವುದು. ನನ್ನ ಆಯ್ಕೆ ನಾಲ್ಕನೆಯದು. ಯಾಕೆ, ಮತ್ತು ಯಾವ ಗಾಡಿಗೆ ಅದು ಪೂರ್ತಿ ಒಪ್ಪುವುದಿಲ್ಲ ಅನ್ನುವುದನ್ನೂ ನೋಡೋಣ.

ಮೊದಲು, ನಮ್ಮ ಥಂಡಿ ಎಷ್ಟು?

ಡಿಸೆಂಬರ್ ಕೊನೆ, ಜನವರಿ ಮೊದಲಲ್ಲಿ ಧಾರವಾಡದ ಬೆಳಗಿನ ಜಾವ 12ರಿಂದ 14 ಡಿಗ್ರಿ ಆಸುಪಾಸು ಇರುತ್ತದೆ, ಕೆಲವು ದಿನ ಇನ್ನೂ ಇಳಿಯುತ್ತದೆ. ಗದಗ, ಹಾವೇರಿಯಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಕಪ್ಪತಗುಡ್ಡದ ಬುಡದ ಊರುಗಳಲ್ಲಿ ಗಾಳಿ ಸೇರಿ ಇನ್ನೂ ಥಂಡಿ ಅನಿಸಬಹುದು. ನಮಗೆ ಸ್ವೆಟರ್ ಬೇಕು, ಕಿವಿಗೆ ಮಫ್ಲರ್ ಬೇಕು, ನಿಜ. ಆದರೆ ಇಂಜಿನ್ ತಯಾರು ಮಾಡುವವರ ಲೆಕ್ಕದಲ್ಲಿ ಇದು ಥಂಡಿಯೇ ಅಲ್ಲ. ಲೇಹ್, ಕಾರ್ಗಿಲ್ ಕಡೆ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುತ್ತದೆ, ಅಲ್ಲಿ ಮಾಮೂಲಿ ಡೀಸೆಲ್ ಟ್ಯಾಂಕಿನಲ್ಲೇ ಗಟ್ಟಿಯಾಗುತ್ತದೆ. ಅದಕ್ಕಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಬೇರೆ ಡೀಸೆಲ್ ತಂದಿತು. ತುಂಬಾ ಥಂಡಿ ಇರುವ ದೇಶಗಳಲ್ಲಿ ರಾತ್ರಿ ಇಂಜಿನ್ನಿಗೆ ಕರೆಂಟಿನ ಹೀಟರ್ ಹಚ್ಚಿ ಇಡುತ್ತಾರೆ. ಅಂಥ ಕಡೆಯವರು ಗಾಡಿ ಕಾಸುವ ವಿಡಿಯೊ ನೋಡಿ ನಾವು ಕಲಘಟಗಿಯಲ್ಲಿ ಹಾಗೇ ಮಾಡಬೇಕಿಲ್ಲ, ಅಲ್ವಾ?

ಕೊಬ್ಬರಿ ಎಣ್ಣೆ ಮತ್ತು ಇಂಜಿನ್ ಆಯಿಲ್

ಈ ನಂಬಿಕೆಯ ಬೇರು ನಮ್ಮ ಬಚ್ಚಲಮನೆಯಲ್ಲಿದೆ ಅಂತ ನನಗೆ ಅನಿಸುತ್ತದೆ. ಥಂಡಿ ದಿನ ಕೊಬ್ಬರಿ ಎಣ್ಣೆ ಬಾಟಲಿ ಎತ್ತಿದರೆ ಒಳಗೆ ಬೆಳ್ಳಗೆ ಕಲ್ಲಿನ ಹಾಗೆ. ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ, ಬಿಸಿನೀರಿನ ಬಕೆಟ್ಟಿನಲ್ಲಿ ಇಡಬೇಕು. ಇಂಜಿನ್ ಆಯಿಲ್ ಕೂಡ ಹೀಗೇ ಗಟ್ಟಿಯಾಗಿ ತಳದಲ್ಲಿ ಕೂತಿರುತ್ತದೆ, ನಿಧಾನಕ್ಕೆ ಕರಗಿಸಬೇಕು ಅಂತ ಜನ ಅಂದುಕೊಳ್ಳುವುದು ಸಹಜ.

ಆದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು 24 ಡಿಗ್ರಿ ಹತ್ತಿರ. ಇಂಜಿನ್ ಆಯಿಲ್ ಹಾಗಲ್ಲ. ಆಯಿಲ್ ಡಬ್ಬಿಯ ಮೇಲೆ 5ಡಬ್ಲ್ಯೂ-30, 15ಡಬ್ಲ್ಯೂ-40, 20ಡಬ್ಲ್ಯೂ-50 ಅಂತ ಬರೆದಿರುತ್ತದೆ ನೋಡಿ, ಅದರಲ್ಲಿ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಸಣ್ಣದಿದ್ದಷ್ಟೂ ಥಂಡಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಇವುಗಳಲ್ಲಿ ಥಂಡಿಗೆ ಎಲ್ಲಕ್ಕಿಂತ ದಪ್ಪವಾಗುವ 20ಡಬ್ಲ್ಯೂ ಆಯಿಲ್ ಕೂಡ ಮೈನಸ್ 20 ಡಿಗ್ರಿಯಲ್ಲಿ ಪಂಪಿನಿಂದ ಏರಬೇಕು ಅನ್ನುವ ಪರೀಕ್ಷೆ ಪಾಸಾಗಿರಬೇಕು. 5ಡಬ್ಲ್ಯೂ ಆದರೆ ಮೈನಸ್ 35. ನಮ್ಮ 12 ಡಿಗ್ರಿಯಲ್ಲಿ ಆಯಿಲ್ ಸ್ವಲ್ಪ ದಪ್ಪಗಿರುತ್ತದೆ, ಅಷ್ಟೇ. ಕೆಲವೇ ಸೆಕೆಂಡುಗಳಲ್ಲಿ ಪಂಪು ಅದನ್ನು ಮೇಲಿನವರೆಗೂ ಏರಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಕಾಣುವ ಆಯಿಲ್ ದೀಪ ಆರುವುದು ಆ ಹೊತ್ತಿಗೇ.

ಇಲ್ಲಿ ಒಂದು ಮಾತು. ಥಂಡಿಯಲ್ಲಿ ಇಂಜಿನ್ ಚೆನ್ನಾಗಿರಬೇಕೆಂದರೆ ಎಷ್ಟು ನಿಮಿಷ ಕಾಸಿದೆವು ಅನ್ನುವುದಕ್ಕಿಂತ ಯಾವ ಆಯಿಲ್ ಹಾಕಿಸಿದೆವು ಅನ್ನುವುದು ದೊಡ್ಡದು. "ದಪ್ಪ ಆಯಿಲ್ ಹಾಕ್ರಿ ಸರ, ಇಂಜಿನ್ ಸೌಂಡ್ ಕಮ್ಮಿ ಆಗ್ತದ" ಅನ್ನುವ ಮಿಸ್ತ್ರಿಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 0ಡಬ್ಲ್ಯೂ-20 ಕೇಳುವ ಹೊಸ ಇಂಜಿನ್ನಿಗೆ 20ಡಬ್ಲ್ಯೂ-50 ಹಾಕಿ, ಆಮೇಲೆ ಬೆಳಿಗ್ಗೆ ಹತ್ತು ನಿಮಿಷ ಕಾಸಿದರೆ ಏನೂ ಉಪಯೋಗವಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಗ್ರೇಡ್ ಇದೆಯೋ ಅದನ್ನೇ ಹಾಕಿಸಿ.

ನಿಂತಲ್ಲೇ ಕಾಸಿದರೆ ಏನಾಗುತ್ತದೆ?

ಇಂಜಿನ್ ಬಿಸಿಯಾಗುವುದು ಅದು ಸುಡುವ ಪೆಟ್ರೋಲ್ ಇಲ್ಲವೇ ಡೀಸೆಲ್ಲಿನಿಂದ. ನಿಂತ ಗಾಡಿಗೆ ಎಳೆಯುವ ಕೆಲಸವೇ ಇಲ್ಲ, ಹಾಗಾಗಿ ತೀರಾ ಕಡಿಮೆ ಇಂಧನ ಸುಡುತ್ತದೆ, ಬಿಸಿಯೂ ನಿಧಾನ. ಇದನ್ನು ನಾನು ಹಿಂದಿದ್ದ ಪೆಟ್ರೋಲ್ ಕಾರಿನಲ್ಲೇ ಜನವರಿಯ ಎರಡು ಬೆಳಿಗ್ಗೆ ನೋಡಿದೆ. ಒಂದು ದಿನ ಮನೆ ಮುಂದೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಚಾಲೂ ಇಟ್ಟೆ. ಬಿಸಿ ತೋರಿಸುವ ಮುಳ್ಳು ಕೆಳಗಿನ ಗೆರೆ ಬಿಟ್ಟು ಸ್ವಲ್ಪ ಎದ್ದಿತ್ತು, ಅರ್ಧಕ್ಕೆ ಬಂದಿರಲಿಲ್ಲ. ಮರುದಿನ ಅರ್ಧ ನಿಮಿಷ ತಡೆದು ಹುಬ್ಬಳ್ಳಿ ಕಡೆ ಹೊರಟೆ. ಜುಬಿಲಿ ಸರ್ಕಲ್, ಟೋಲ್‌ನಾಕಾ, ವಿದ್ಯಾಗಿರಿ, ಎಲ್ಲೂ ಅವಸರ ಮಾಡಲಿಲ್ಲ. ನವಲೂರು ಬರುವಷ್ಟರಲ್ಲಿ ಮುಳ್ಳು ನಡುವೆ ಬಂದು ಗಟ್ಟಿಯಾಗಿ ನಿಂತಿತ್ತು. ರಸ್ತೆ ಪಕ್ಕ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡವರು ಆಗಷ್ಟೇ ಗೋಣಿಚೀಲ ಬಿಚ್ಚುತ್ತಿದ್ದರು. ಹೆಚ್ಚೂ ಕಡಿಮೆ ಅಷ್ಟೇ ಹೊತ್ತು, ಆದರೆ ಒಂದು ದಿನ ಮನೆ ಮುಂದೆ ಅರೆಬಿಸಿ, ಇನ್ನೊಂದು ದಿನ ಅರ್ಧ ದಾರಿ ಮುಗಿದು ಪೂರ್ತಿ ಬಿಸಿ.

ನಿಧಾನಕ್ಕೆ ಬಿಸಿಯಾದರೆ ಏನಾಯಿತು ಅಂತ ಕೇಳಬಹುದು. ತೊಂದರೆ ಇರುವುದೇ ಅಲ್ಲಿ. ಇಂಜಿನ್ ಥಂಡಿ ಇರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಇಂಜಿನ್ ನಡೆಸುವ ಕಂಪ್ಯೂಟರ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಉರಿಯದೇ ಉಳಿದ ಪೆಟ್ರೋಲ್ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಸಿಲಿಂಡರಿನ ಗೋಡೆಗೆ ಹತ್ತಿಕೊಂಡು, ಅಲ್ಲಿರುವ ಆಯಿಲ್ ಪದರವನ್ನು ತೊಳೆದು, ಕೆಳಗೆ ಆಯಿಲ್ ಜೊತೆ ಸೇರುತ್ತದೆ. ಪಿಸ್ಟನ್ ಉಳಿಸಲು ಅಂತ ನಾವು ಮಾಡುವ ಕೆಲಸ ಪಿಸ್ಟನ್ನಿಗೇ ಮುಳುವಾಗುತ್ತದೆ. ಈ ಹಂತ ಎಷ್ಟು ಬೇಗ ದಾಟಿದರೆ ಅಷ್ಟು ಒಳ್ಳೆಯದು, ಬೇಗ ದಾಟುವುದು ಗಾಡಿ ಓಡಿದಾಗ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ 250-300 ಡಿಗ್ರಿ ಬಿಸಿ ಆಗುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಯವರೆಗೆ ಬರುವುದು ಹಸಿ ಹೊಗೆ.

ಇನ್ನೊಂದು ಮಾತು ಜನ ಮರೆಯುತ್ತಾರೆ. ನಿಂತಲ್ಲಿ ಬಿಸಿಯಾಗುವುದು ಇಂಜಿನ್ ಮಾತ್ರ. ಗೇರ್‌ಬಾಕ್ಸಿನ ಆಯಿಲ್, ಚಕ್ರದ ಬೇರಿಂಗಿನ ಗ್ರೀಸ್, ಶಾಕ್ ಅಬ್ಸಾರ್ಬರ್, ಟೈರ್ ಎಲ್ಲ ತಣ್ಣಗೇ ಇರುತ್ತವೆ. ಬೆಳಿಗ್ಗೆ ಎರಡನೇ ಗೇರ್ ಬಿಗಿಯಾಗಿ ಬೀಳುತ್ತದಲ್ಲ, ಅದು ಇದೇ. ಹದಿನೈದು ನಿಮಿಷ ಕಾಸಿದರೂ ಅದು ಬಿಗಿಯೇ. ಚಕ್ರ ಉರುಳಬೇಕು.

ಖರ್ಚಿನ ಲೆಕ್ಕ ಸಣ್ಣದು, ಆದರೂ ಹೇಳುತ್ತೇನೆ. ಸಣ್ಣ ಪೆಟ್ರೋಲ್ ಕಾರು ನಿಂತಲ್ಲಿ ಗಂಟೆಗೆ ಅಂದಾಜು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ದಿನಕ್ಕೆ ಹತ್ತು ನಿಮಿಷ, ಎರಡು ತಿಂಗಳು ಅಂದರೆ ಐದರಿಂದ ಹತ್ತು ಲೀಟರ್. ಸುಮ್ನೆ ಹೋಗುವ ಪೆಟ್ರೋಲ್.

ಆದರೆ ದುಡ್ಡಿಗಿಂತ ದೊಡ್ಡದು ಹೊಗೆ. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಬಾಗಿಲು ಹಾಕಿದ ಗ್ಯಾರೇಜು, ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಮಲಗುವ ಕೋಣೆಯ ಕಿಟಕಿಗೆ ಹತ್ತಿದ ಶೆಡ್, ಇಲ್ಲೆಲ್ಲ ಕಾರು ಚಾಲೂ ಇಟ್ಟು ಒಳಗೆ ಹೋಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಥಂಡಿ ಅಂತ ಎಲ್ಲ ಕಿಟಕಿ ಮುಚ್ಚಿದ್ದರೂ ಸಂದಿಯಿಂದ ಒಳಗೆ ಬರುತ್ತದೆ. ಮನೆಯಲ್ಲಿ ವಯಸ್ಸಾದವರು, ಸಣ್ಣ ಮಕ್ಕಳು ಮಲಗಿರುತ್ತಾರೆ.

ರೇಸ್ ಕೊಡುವವರು ಮತ್ತು ಕೂಡಲೇ ಓಡಿಸುವವರು

ರೇಸ್ ಕೊಟ್ಟು ಕಾಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕರಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದು. ಆಯಿಲ್ ಇನ್ನೂ ದಪ್ಪಗಿದೆ, ಪಿಸ್ಟನ್ ಇನ್ನೂ ತನ್ನ ಅಳತೆಗೆ ಹಿಗ್ಗಿಲ್ಲ, ಆಗ ಮೂರು ನಾಲ್ಕು ಸಾವಿರ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರಿಸಿದರೆ ಸವೆಯುವುದು ಇಂಜಿನ್ನೇ. ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಇದ್ದರಂತೂ ಕೇಳುವುದೇ ಬೇಡ. ಆ ಸಣ್ಣ ಫ್ಯಾನು ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗಬಲ್ಲದು, ಅದರ ಬೇರಿಂಗ್ ಆಯಿಲ್ ಪದರದ ಮೇಲೇ ನಿಂತಿದೆ.

ಸೆಲ್ಫ್ ಹೊಡೆದ ಕೂಡಲೇ ಹೊರಡುವುದು ಅಷ್ಟು ಕೆಟ್ಟದ್ದಲ್ಲ. ಮೆಲ್ಲಗೆ ಹೊರಟರೆ ಹೊಸ ಕಾರಿಗೆ ಏನೂ ಆಗುವುದಿಲ್ಲ. ತೊಂದರೆ ಏನೆಂದರೆ, ಕೂಡಲೇ ಹೊರಡುವವರು ಸಾಮಾನ್ಯವಾಗಿ ತಡವಾಗಿ ಎದ್ದವರು. ಅವರು ಮೆಲ್ಲಗೆ ಹೋಗುವುದಿಲ್ಲ. ಹೆದ್ದಾರಿ ಪಕ್ಕದಲ್ಲೇ ಮನೆ ಇದ್ದು, ಗೇಟು ದಾಟಿದ ಎರಡನೇ ನಿಮಿಷಕ್ಕೆ ಬೈಪಾಸಿನಲ್ಲಿ 90ರ ಸ್ಪೀಡು ಅಂದರೆ ಅದು ತಣ್ಣಗಿನ ಇಂಜಿನ್ನಿಗೆ ಹೊಡೆತವೇ. ಅಂಥವರು ಇನ್ನೊಂದು ನಿಮಿಷ ಜಾಸ್ತಿ ತಡೆದರೂ ತಪ್ಪಿಲ್ಲ.

ಅರ್ಧ ನಿಮಿಷ, ಆಮೇಲೆ ಮೆಲ್ಲಗೆ

ಚಾಲೂ ಆದ ಕೂಡಲೇ ಇಂಜಿನ್ ಸ್ವಲ್ಪ ಜೋರಾಗಿ ಗುಂಯ್‌ಗುಡುತ್ತದೆ, 1200ರಿಂದ 1500 ಆರ್‌ಪಿಎಂ ತೋರಿಸುತ್ತದೆ. ಅದು ಕಂಪ್ಯೂಟರ್ ತಾನೇ ಮಾಡುವ ಏರ್ಪಾಡು. ಸ್ವಲ್ಪ ಹೊತ್ತಿಗೆ ಆ ಸದ್ದು ಇಳಿಯಲು ಶುರುವಾಗುತ್ತದೆ. ಅದು ಇಳಿಯುವ ಹೊತ್ತಿಗೆ ಹೊರಡಬಹುದು. ನಾನು ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿಕೊಂಡು, ಮೊಬೈಲ್ ಜಾಗಕ್ಕೆ ಇಡುವಷ್ಟರಲ್ಲಿ ಸರಿಹೋಗುತ್ತದೆ.

ಆಮೇಲಿನದು ಮುಖ್ಯ. ಮೊದಲ ಐದಾರು ಕಿಲೋಮೀಟರ್ 2000-2500 ಆರ್‌ಪಿಎಂ ಒಳಗೇ ಇರಲಿ. ಹಾಗಂತ ನಾಲ್ಕನೇ ಗೇರಿನಲ್ಲಿ ಗಡಗಡ ಅನ್ನುವಂತೆ ಎಳೆಯುವುದೂ ಬೇಡ. ಕೆಲವು ಕಾರುಗಳಲ್ಲಿ ಮುಳ್ಳಿನ ಬದಲು ನೀಲಿ ದೀಪ ಇರುತ್ತದೆ, ಅದು ಆರುವವರೆಗೆ ಓವರ್‌ಟೇಕ್ ಆಸೆ ಬಿಡಿ. ನೀಲಿ ದೀಪ ಆರಿದ ಮೇಲೂ ಆಯಿಲ್ ಪೂರ್ತಿ ಬಿಸಿಯಾಗಲು ಇನ್ನೂ ಸ್ವಲ್ಪ ದೂರ ಬೇಕು, ಇಂಜಿನ್ ತಂಪಿಡುವ ನೀರು, ಅಂದರೆ ಕೂಲೆಂಟ್ ಮೊದಲು ಬಿಸಿಯಾಗುತ್ತದೆ, ಆಯಿಲ್ ಆಮೇಲೆ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಓಡಾಡುವವರಿಗೆ ಇದು ಸುಲಭ, ಊರು ದಾಟುವವರೆಗೆ ಸಿಗ್ನಲ್ಲುಗಳೇ ನಿಮ್ಮನ್ನು ಮೆಲ್ಲಗೆ ಓಡಿಸುತ್ತವೆ.

ಯಾವ ಗಾಡಿಗೆ ಯಾವುದು?

ಹಳೆಯ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಗಾಡಿ ಇದ್ದರೆ ಕಾಕಾ ಹೇಳಿದ್ದೇ ಸರಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಲಿನ ಮಾರುತಿ 800 ಇವುಗಳಲ್ಲಿ ಪೆಟ್ರೋಲ್ ಲೆಕ್ಕ ನೋಡುವ ಕಂಪ್ಯೂಟರ್ ಇಲ್ಲ. ಚೋಕ್ (ಪೆಟ್ರೋಲ್ ಪಾಲು ಜಾಸ್ತಿ ಮಾಡುವ ಗುಂಡಿ) ಎಳೆದು, ಚಾಲೂ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಚೋಕ್ ನಿಧಾನಕ್ಕೆ ಒಳಗೆ ತಳ್ಳಬೇಕು. ಅವಸರ ಮಾಡಿದರೆ ತಿರುವಿನಲ್ಲಿ ಗಕ್ಕನೆ ನಿಂತುಬಿಡುತ್ತದೆ. ಆದರೆ ಅದಕ್ಕೂ ಹದಿನೈದು ನಿಮಿಷ ಬೇಡ. ಚೋಕ್ ಎಳೆದೇ ಮರೆತರೆ ಪ್ಲಗ್ ಕಪ್ಪಾಗುತ್ತದೆ. 2000ದ ಸುಮಾರಿಗೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲೆ ಈ ಕೆಲಸವನ್ನೆಲ್ಲ ಸೆನ್ಸರ್‌ಗಳೇ ಮಾಡುತ್ತವೆ. ಗಾಡಿ ಬದಲಾಯಿತು, ರೂಢಿ ಮಾತ್ರ ಉಳಿದುಬಿಟ್ಟಿತು.

ಡೀಸೆಲ್ ಗಾಡಿಗೆ ಒಂದು ಹೆಜ್ಜೆ ಜಾಸ್ತಿ. ಕೀ ತಿರುಗಿಸಿದಾಗ ಸುರುಳಿ ತಂತಿಯಂಥ ಹಳದಿ ದೀಪ ಬರುತ್ತದೆ, ಅದು ಹೀಟರ್ ಪ್ಲಗ್ ದೀಪ. ಅದು ಆರಿದ ಮೇಲೇ ಸೆಲ್ಫ್ ಹೊಡೆಯಿರಿ. ಹಳೆಯ ಜೀಪು, ಸುಮೊಗಳಲ್ಲಿ ಇದು ತುಂಬಾ ಮುಖ್ಯ. ಹೀಟರ್ ಪ್ಲಗ್ ಕೆಟ್ಟಿದ್ದರೆ ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆಯಬೇಕಾಗುತ್ತದೆ, ಚಾಲೂ ಆದಾಗ ಬಿಳಿ ಹೊಗೆ ಗಪ್ಪನೆ ಬರುತ್ತದೆ. ಅದಕ್ಕೆ ಪ್ಲಗ್ ಬದಲಿಸುವುದೇ ದಾರಿ. ಡೀಸೆಲ್ ನಿಂತಲ್ಲಿ ಪೆಟ್ರೋಲಿಗಿಂತಲೂ ನಿಧಾನವಾಗಿ ಬಿಸಿಯಾಗುತ್ತದೆ, ಹಾಗಾಗಿ ಕಾಸುವುದು ಇನ್ನೂ ವ್ಯರ್ಥ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಗಾಡಿ ಇರುವವರು ಇದನ್ನು ಎರಡು ಸಲ ಓದಿ. ಅದರ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಜಾಲರಿ ಇರುತ್ತದೆ. ನಾನು ಮೊದಲು ಹೇಳಿದ ಚಳಿಗಾಲದ ತೊಂದರೆ ಇದೇ. ಆ ವರ್ಷ ನಾನು ಪೆಟ್ರೋಲ್ ಕಾರು ಕೊಟ್ಟು ಡೀಸೆಲ್ ತೆಗೆದುಕೊಂಡಿದ್ದೆ. ಹೊಸ ಗಾಡಿ ಅನ್ನುವ ಪ್ರೀತಿಗೆ ದಿನಾ ಹತ್ತು ನಿಮಿಷ ಕಾಸಿ, ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಾಡುತ್ತಿದ್ದೆ. ಜನವರಿ ಕೊನೆಗೆ ಡಿಪಿಎಫ್ ದೀಪ ಹತ್ತಿತು, ಪಿಕಪ್ ಇಳಿಯಿತು. ಸರ್ವಿಸ್‌ನವರು ಒಂದು ಸಲ ದುಡ್ಡು ತೆಗೆದುಕೊಂಡು ಸ್ವಚ್ಛ ಮಾಡಿಕೊಟ್ಟರು, ಯಾಕೆ ಹೀಗಾಯಿತು ಅಂತ ಹೇಳಲಿಲ್ಲ. ಮೂರು ವಾರಕ್ಕೆ ದೀಪ ಮತ್ತೆ ಬಂತು. ಆಗ ಕಾರಿನ ಪುಸ್ತಕ ತೆಗೆದು ಓದಿದೆ. ಒಂದು ಭಾನುವಾರ ಹಾವೇರಿ ಕಡೆ ಹೆದ್ದಾರಿ ಹಿಡಿದು ಒಂದೇ ಸಮ ಓಡಿಸಿದೆ, ತಡಸ ಕ್ರಾಸ್ ದಾಟುವಷ್ಟರಲ್ಲಿ ದೀಪ ತಾನೇ ಆರಿತು. ಮಸಿ ಸುಟ್ಟುಹೋಗಲು ಜಾಲರಿ ಚೆನ್ನಾಗಿ ಕಾಯಬೇಕು, ನಿಂತ ಗಾಡಿಯಲ್ಲಿ ಅದು ಕಾಯುವುದಿಲ್ಲ, ಮಸಿ ಮಾತ್ರ ಸೇರುತ್ತದೆ. ಈಗ ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸುತ್ತೇನೆ.

ಸಿಎನ್‌ಜಿ ಕಾರುಗಳು ಬಹಳಷ್ಟು ಪೆಟ್ರೋಲಿನಲ್ಲಿ ಚಾಲೂ ಆಗಿ, ಸ್ವಲ್ಪ ಬಿಸಿಯಾದ ಮೇಲೆ ತಾವೇ ಗ್ಯಾಸಿಗೆ ಬದಲಾಗುತ್ತವೆ. ಟಾಟಾದ ಹೊಸ ಐಸಿಎನ್‌ಜಿಯಂಥವು ನೇರ ಗ್ಯಾಸಿನಲ್ಲೇ ಚಾಲೂ ಆಗುತ್ತವೆ. ಎರಡಕ್ಕೂ ಕಾಸುವುದು ಬೇಡ. ಆದರೆ ಪೆಟ್ರೋಲ್ ಟ್ಯಾಂಕ್ ಖಾಲಿ ಬಿಟ್ಟು ಬರೀ ಗ್ಯಾಸಿನ ಮೇಲೆ ಓಡಿಸುವವರು ಥಂಡಿಯಲ್ಲಿ ಪರದಾಡುತ್ತಾರೆ, ಕಾಲು ಟ್ಯಾಂಕಾದರೂ ಇರಲಿ.

ಎಲೆಕ್ಟ್ರಿಕ್ ಕಾರಿಗೆ ಈ ಚರ್ಚೆಯೇ ಇಲ್ಲ, ಹತ್ತಿ ಹೊರಡಿ.

ಎರಡು ಕಿಲೋಮೀಟರ್ ದೂರದ ಲೈನ್ ಬಜಾರಿಗೆ ಪೇಡೆ ತರಲು ದಿನಾ ಕಾರು ತೆಗೆಯುವವರಿಗೆ ಮಾತ್ರ ನಾಲ್ಕರಲ್ಲಿ ಯಾವ ಪದ್ಧತಿಯೂ ಪೂರ್ತಿ ಸಹಾಯ ಮಾಡುವುದಿಲ್ಲ. ಅಷ್ಟರಲ್ಲಿ ಇಂಜಿನ್ ಕಾಯುವುದೇ ಇಲ್ಲ. ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುವುದು ನೋಡಿರಬಹುದು, ಪೆಟ್ರೋಲ್ ಸುಟ್ಟಾಗ ಹುಟ್ಟುವ ನೀರೇ ಅದು, ಥಂಡಿಯಲ್ಲಿ ಹಾಗೆ ಆಗುವುದು ಸಹಜ, ಗಾಬರಿ ಬೇಡ. ಆದರೆ ಅದೇ ನೀರು ಒಳಗೆ ಆಯಿಲ್ ಜೊತೆಗೂ ಸೇರುತ್ತದೆ, ಗಾಡಿ ಪೂರ್ತಿ ಬಿಸಿಯಾದರೆ ಮಾತ್ರ ಆವಿಯಾಗಿ ಹೋಗುತ್ತದೆ. ಅಂಥವರು ಕಿಲೋಮೀಟರ್ ಆಗಿಲ್ಲ ಅಂತ ಬಿಡದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ನಡೆದು ಹೋಗಲು ಆಗುವುದಾದರೆ ಇನ್ನೂ ಒಳ್ಳೆಯದು.

ಚಾಲೂನೇ ಆಗದಿದ್ದರೆ?

ನಮ್ಮ ಥಂಡಿಯಲ್ಲಿ ಬೆಳಿಗ್ಗೆ ಗಾಡಿ ಚಾಲೂ ಆಗಲಿಲ್ಲ ಅಂದರೆ ಹೆಚ್ಚಾಗಿ ತಪ್ಪು ಬ್ಯಾಟರಿಯದ್ದು. ಮೂರು ನಾಲ್ಕು ವರ್ಷದ ಬ್ಯಾಟರಿ ಬೇಸಿಗೆಯಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತದೆ, ಡಿಸೆಂಬರಿನಲ್ಲಿ ಕೈಕೊಡುತ್ತದೆ. ಹೆಡ್‌ಲೈಟ್, ಬ್ಲೋವರ್, ಮ್ಯೂಸಿಕ್ ಎಲ್ಲ ಬಂದ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಐದಾರು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹಿಡಿಯಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ.

ಗಾಜಿನ ಇಬ್ಬನಿಗೆ ಅಂತ ಗಾಡಿ ಕಾಸುವವರೂ ಇದ್ದಾರೆ. ಹೊರಗಿನದನ್ನು ಚಾಲೂ ಮಾಡುವ ಮೊದಲೇ ಬಟ್ಟೆಯಿಂದ ಒರೆಸಬಹುದು. ಒಳಗಿನ ಮಂಜಿಗೆ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದರೆ ಬೇಗ ಹೋಗುತ್ತದೆ, ಹೀಟರ್ ಬಿಸಿಯಾಗುವವರೆಗೆ ಕಾಯಬೇಕಿಲ್ಲ. ಆದರೆ ಗಾಜಿನಾಚೆ ಪೂರ್ತಿ ಕಾಣುವವರೆಗೆ ಹೊರಡಬೇಡಿ. ಥಂಡಿ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ.

ಕಾಕಾ ಅವರ ಜೊತೆ ಇದನ್ನೆಲ್ಲ ಮಾತಾಡಿದೆ. ಪೂರ್ತಿ ಒಪ್ಪಲಿಲ್ಲ. ಆದರೆ ಹೋದ ವಾರದಿಂದ ಅವರು ಮೊದಲು ಚಹಾ ಮುಗಿಸಿ, ಗಾಜು ಒರೆಸಿ, ಗೇಟು ತೆಗೆದು, ಆಮೇಲೆ ಕೀ ತಿರುಗಿಸುತ್ತಾರೆ. "ಎರಡು ಮಿನಿಟ್ ಅರ ಕಾಸತೀನೋ, ಅದಕ್ಕ ಕಮ್ಮಿ ಆಗೂದಿಲ್ಲ" ಅಂದರು. ಎರಡು ನಿಮಿಷಕ್ಕೆ ನನ್ನ ತಕರಾರಿಲ್ಲ.